ಎಂಟು ಗಂಟೆ ನಲವತ್ತು ನಿಮಿಷ

ಸುದ್ದಿ ಹೇಳಲು ಗಾದಿಯಮ್ಮ ಆರಿಸಿಕೊಂಡದ್ದು ಭಾನುವಾರ ಮಧ್ಯಾಹ್ನದ ಊಟದ ಹೊತ್ತನ್ನು. ಅದೇ ತಪ್ಪಾಯಿತು ಎಂದು ಆಮೇಲೆ ಅವಳಿಗೆ ಅನ್ನಿಸಿತು. ಬಾಯಲ್ಲಿ ತುತ್ತು ಇಟ್ಟುಕೊಂಡವರಿಗೆ ಯೋಚಿಸಿ ಉತ್ತರ ಕೊಡುವ ಪುರಸೊತ್ತು ಇರುವುದಿಲ್ಲ. ತಲೆ ಅಲ್ಲಾಡಿಸಿ ಮುಗಿಸಿಬಿಡುತ್ತಾರೆ.

"ಸೂಜಿ ಫೋನ್ ಮಾಡಿದ್ಲು," ಎಂದಳು, ಅನ್ನದ ಪಾತ್ರೆ ಕೈಯಲ್ಲಿ ಹಿಡಿದುಕೊಂಡೇ. "ನಾಲ್ಕು ತಿಂಗಳ ಕೆಲಸಕ್ಕೆ ಕರೀತಿದಾಳೆ. ಟಿಕೆಟ್ಟು ಅವಳೇ ಕಳಿಸ್ತಾಳಂತೆ. ನಾನು ಹೋಗ್ತೀನಿ."

ನಾಲ್ಕು ತಲೆಗಳು ತಟ್ಟೆಯಿಂದ ಮೇಲೆದ್ದವು. ಗಂಡ, ಮಗ, ಸೊಸೆ, ಹನ್ನೆರಡು ವರ್ಷದ ಮೊಮ್ಮಗಳು. ಮೊದಲು ಅಲ್ಲಾಡಿದ್ದು ಮಗನ ತಲೆ. ಆಮೇಲೆ ಸೊಸೆಯದು. ಗಂಡ ಮಾತ್ರ ತಟ್ಟೆಯನ್ನು ಮುಂದೆ ತಳ್ಳಿ, ಇನ್ನೊಂದು ಸೌಟು ಬೇಳೆ ಹಾಕು ಎಂದು ಬೆರಳು ತೋರಿಸಿದರು. ಅವಳು ಹಾಕಿದಳು. ಮೂವತ್ತೆಂಟು ವರ್ಷದಿಂದ ಹಾಕಿದ ಕೈ, ಅದಕ್ಕೆ ಕೇಳುವುದು ಹೇಳುವುದು ಏನೂ ಬೇಕಿರಲಿಲ್ಲ.

ಗಾದಿಯಮ್ಮ ಅಂದರೆ ಆ ಬೀದಿಯಲ್ಲಿ ಗೊತ್ತಿಲ್ಲದವರಿಲ್ಲ. ಬಸ್ಸಿನ ಬಾಡಿ ಕಟ್ಟುವ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಸೀಟು ಹೊಲಿದವಳು. ಕೆಲಸ ಮುಗಿದ ಮೇಲೆಯೂ ಸುಮ್ಮನಿರಲಾರದೆ ಮಾಳಿಗೆ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಅವರಿವರ ಸೋಫಾ, ಗಾದಿ ರಿಪೇರಿ ಮಾಡುತ್ತಿದ್ದಳು. ಶೆಡ್ಡಿನಲ್ಲಿ ಪಕ್ಕದ ಬೆಂಚಿನಲ್ಲೇ ಕೂತು ಹೊಲಿಯುತ್ತಿದ್ದವಳು ಸೂಜಿ. ಒಣಕಲು ದೇಹ, ಚೂಪು ಬಾಯಿ, ಅದಕ್ಕೇ ಆ ಹೆಸರು. ಇಪ್ಪತ್ತು ವರ್ಷದ ಹಿಂದೆ ಗಂಡನ ಜೊತೆ ಬೇರೆ ದೇಶಕ್ಕೆ ಹೋದವಳು ಈಗ ಅಲ್ಲಿ ತನ್ನದೇ ಕಾರ್ಖಾನೆ ಇಟ್ಟಿದ್ದಳು. ಅವಳಿಗೆ ಸಿಕ್ಕಿದ್ದು ಅಲ್ಲಿಯ ಒಂದು ಹಳೆಯ ನಾಟಕ ಮಂದಿರದ ಕೆಲಸ. ಅದರಲ್ಲಿ ನಾನೂರ ಇಪ್ಪತ್ತು ಕುರ್ಚಿ. ಒಂದೊಂದು ಕುರ್ಚಿಯ ಹೊಟ್ಟೆಯಲ್ಲೂ ಸ್ಪ್ರಿಂಗು. ಒಂದೊಂದು ಸ್ಪ್ರಿಂಗನ್ನೂ ಎಂಟು ದಿಕ್ಕಿಗೆ ದಾರ ಎಳೆದು ಕೈಯಲ್ಲೇ ಗಂಟು ಹಾಕಿ ಕಟ್ಟಬೇಕು. ಈಗಿನವರು ಸ್ಪಂಜು ಅಂಟಿಸಿ ಕೈ ತೊಳೆದುಕೊಳ್ಳುತ್ತಾರೆ. ಗಂಟು ಹಾಕುವುದು ಗೊತ್ತಿರುವವರು ಬೇಕು, ಆರು ಹುಡುಗಿಯರಿಗೆ ಕಲಿಸಲೂ ಬೇಕು, ಇನ್ನು ಐದು ವಾರದಲ್ಲಿ ಹೂಂ ಅಥವಾ ಊಹೂಂ ಹೇಳು ಎಂದಿದ್ದಳು ಸೂಜಿ.

ಅವಳು ಫೋನ್ ಇಟ್ಟ ಮೇಲೆ ಗಾದಿಯಮ್ಮ ಗೂಡಿನಲ್ಲಿ ಒಬ್ಬಳೇ ಕೂತು ತನ್ನ ಹತ್ತು ಬೆರಳುಗಳನ್ನೂ ನೋಡಿಕೊಂಡಿದ್ದಳು. ಅವಳಿಗೆ ಅಳು ಬರುವಷ್ಟು ಸಂತೋಷವಾಗಿತ್ತು. ಇಷ್ಟು ವರ್ಷದಲ್ಲಿ ಈ ಬೆರಳುಗಳನ್ನು ಯಾರೂ ಹೆಸರು ಹಿಡಿದು ಕರೆದಿರಲಿಲ್ಲ.

"ಎಷ್ಟು ದೂರ ಗೊತ್ತೇನಮ್ಮಾ?" ಎಂದ ಮಗ. ಅವನು ಲಿಫ್ಟ್ ಮೆಕ್ಯಾನಿಕ್. ಎತ್ತರದ ಲೆಕ್ಕ ಬಲ್ಲವನು, ದೂರದ ಲೆಕ್ಕ ಅವನಿಗೂ ಹೊಸದು. ಮೊಮ್ಮಗಳು ಎಡಗೈಯಲ್ಲಿ ಫೋನ್ ಒತ್ತಿ, ಈ ವಿಮಾನ ನಿಲ್ದಾಣದಿಂದ ಆ ವಿಮಾನ ನಿಲ್ದಾಣಕ್ಕೆ ಆರು ಸಾವಿರದ ನಾನೂರು ಕಿಲೋಮೀಟರ್ ಎಂದಳು.

"ಆರು ಸಾವಿರ," ಎಂದ ಮಗ, ತಾನೇ ಗೆದ್ದವನ ಹಾಗೆ.

"ಒಲೆಯಿಂದ ಈ ಮೇಜಿಗೆ ನಾನು ಅದಕ್ಕಿಂತ ಜಾಸ್ತಿ ನಡೆದಿದೀನಿ," ಎಂದಳು ಗಾದಿಯಮ್ಮ. "ಯಾರೂ ಅಳತೆ ತೆಗೀಲಿಲ್ಲ ಅಷ್ಟೆ."

ಆಗ ಸೊಸೆ ಕಾಲಿನ ಮಾತು ತೆಗೆದಳು. ಎರಡು ವರ್ಷದ ಹಿಂದೆ ಗಾದಿಯಮ್ಮನ ಎಡಗಾಲು ಊದಿಕೊಂಡು, ಒಳಗೆ ರಕ್ತ ಹೆಪ್ಪುಗಟ್ಟಿದೆ ಎಂದು ಡಾಕ್ಟರು ಆರು ತಿಂಗಳು ಮಾತ್ರೆ ಕೊಟ್ಟಿದ್ದು ನಿಜ. ಒಂದೇ ಕಡೆ ತುಂಬಾ ಹೊತ್ತು ಕೂರಬೇಡಿ ಎಂದದ್ದೂ ನಿಜ. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಸೊಸೆ ಅದನ್ನು ಮೆತ್ತಗೆ, ಕಾಳಜಿಯಿಂದಲೇ ಹೇಳಿದಳು. ಆದರೆ ಗಾದಿಯಮ್ಮನಿಗೆ ಮೈ ಉರಿಯಿತು. ಅದೇ ಕಾಲಿನ ಮೇಲೆ ನಿಂತು ಎರಡು ವರ್ಷ ಬೆಳಗೂ ಸಂಜೆಯೂ ಅಡುಗೆ ಮಾಡುವಾಗ ಈ ಮನೆಯಲ್ಲಿ ಒಬ್ಬರಿಗೂ ಆ ಕಾಲಿನ ನೆನಪಾಗಿರಲಿಲ್ಲ. ಅಡುಗೆ ಯಾರು ಮಾಡುತ್ತಾರೆ ಎಂದು ಯಾರೂ ಕೇಳಲಿಲ್ಲ, ನೋಡಿ. ಕೇಳಿದ್ದರೆ ಜಗಳ ಅಲ್ಲೇ ನೇರವಾಗಿ ಮುಗಿಯುತ್ತಿತ್ತು. ಎಲ್ಲರೂ ಕಾಲನ್ನೇ ಹಿಡಿದುಕೊಂಡರು.

ಸೂಜಿ ಕಳಿಸಿದ್ದ ವಿಮಾನದ ವೇಳೆಯನ್ನು ಮೊಮ್ಮಗಳು ಓದಿದಳು. ಬೆಳಿಗ್ಗೆ ಒಂಬತ್ತು ಹತ್ತಕ್ಕೆ ಹೊರಡುವುದು, ಮಧ್ಯಾಹ್ನ ಎರಡು ಇಪ್ಪತ್ತಕ್ಕೆ ಇಳಿಯುವುದು. ಅಲ್ಲಿಯವರೆಗೆ ಬಾಯಿ ಬಿಡದಿದ್ದ ಗಂಡ ತಟ್ಟನೆ ತಲೆ ಎತ್ತಿದರು. ಅವರು ಬಸ್ ನಿಲ್ದಾಣದಲ್ಲಿ ಮೂವತ್ತನಾಲ್ಕು ವರ್ಷ ಟೈಂಕೀಪರ್ ಆಗಿದ್ದವರು. ಬೀದಿಗೆಲ್ಲ ಈಗಲೂ ಟೈಂಕೀಪರೇ. ಬಂದ ಬಸ್ಸಿನ ವೇಳೆಯಿಂದ ಹೊರಟ ವೇಳೆ ಕಳೆಯುವುದು ಅವರ ಜೀವಮಾನದ ಕೆಲಸ. ಎರಡು ವೇಳೆ ಕಿವಿಗೆ ಬಿದ್ದರೆ ಕಳೆಯದೆ ಬಿಡಲು ಅವರಿಂದ ಸಾಧ್ಯವೇ ಇರಲಿಲ್ಲ.

"ಐದು ಗಂಟೆ ಹತ್ತು ನಿಮಿಷ," ಎಂದರು.

ಆ ಮನೆಯಲ್ಲಿ ಉಪ್ಪು ಹೆಚ್ಚಾಯಿತು ಕಡಿಮೆಯಾಯಿತು ಎಂದು ವಾದ ಮಾಡಬಹುದಿತ್ತು. ಟೈಂಕೀಪರ ಕಳೆಯುವ ಲೆಕ್ಕದ ಬಗ್ಗೆ ವಾದ ಇರಲಿಲ್ಲ. ಐದು ಹತ್ತು ಎಂದರೆ ಐದು ಹತ್ತು.

ಮಂಗಳವಾರ ಗಾದಿಯಮ್ಮ ಒಬ್ಬಳೇ ಡಾಕ್ಟರ ಹತ್ತಿರ ಹೋದಳು. ಡಾಕ್ಟರಮ್ಮ ಅವಳಷ್ಟೇ ವಯಸ್ಸಿನ, ಮುಲಾಜಿಲ್ಲದ ಹೆಂಗಸು. ಕಾಲು ಒತ್ತಿ ನೋಡಿ, ಎಷ್ಟು ಹೊತ್ತಿನ ಪ್ರಯಾಣ ಎಂದು ಕೇಳಿದರು. ಗಾದಿಯಮ್ಮ ಗಂಡನ ಲೆಕ್ಕವನ್ನೇ ಒಪ್ಪಿಸಿದಳು. ಗಂಟೆಗೊಮ್ಮೆ ಎದ್ದು ಓಡಾಡಬೇಕು, ಬಿಗಿ ಕಾಲುಚೀಲ ಹಾಕಬೇಕು, ನೀರು ಕುಡಿಯುತ್ತಿರಬೇಕು, ಇಷ್ಟು ಮಾಡಿದರೆ ಆರು ಗಂಟೆಯೊಳಗಿನ ಪ್ರಯಾಣಕ್ಕೆ ಅಡ್ಡಿಯಿಲ್ಲ ಎಂದು ಡಾಕ್ಟರು ಚೀಟಿ ಬರೆದುಕೊಟ್ಟರು. ಅವಳು ಅದನ್ನು ಮಗನ ಮುಂದಿಟ್ಟಳು. ಮಗ ಓದಿ ನಕ್ಕ.

"ಚೀಟಿ ಯಾರು ಬೇಕಾದ್ರೂ ಬರೀತಾರೆ. ನಿನಗೆ ಹತ್ತು ನಿಮಿಷ ಒಂದು ಕಡೆ ಕೂರೋಕೆ ಬರಲ್ವಲ್ಲಮ್ಮಾ. ಕೈಯಲ್ಲಿ ಹೊಲಿಗೆ ಇಲ್ಲದೆ ನೀನು ಕೂತಿದ್ದನ್ನ ನಾನು ನೋಡೇ ಇಲ್ಲ."

ಅದು ಸುಳ್ಳಾಗಿದ್ದರೆ ಅವಳು ಜಗಳವಾಡುತ್ತಿದ್ದಳು. ನಿಜವಾಗಿದ್ದುದರಿಂದ ಅಳತೆ ಟೇಪು ತರಲು ಗೂಡಿಗೆ ಹೋದಳು.

ಹಜಾರದಲ್ಲಿ ಒಂದು ಬಸ್ ಸೀಟು ಇತ್ತು. ಟೈಂಕೀಪರು ನಿವೃತ್ತರಾದಾಗ ಡಿಪೋದವರು ಹಳೆ ಬಸ್ಸಿನಿಂದ ಕಳಚಿ, ಅದಕ್ಕೆ ಕಾಲು ಹಾಕಿಸಿ ಕೊಟ್ಟದ್ದು. ಹೊಲಿದವಳು ಗಾದಿಯಮ್ಮನೇ, ಅಂಚಿನ ಜೋಡಿ ಹೊಲಿಗೆ ನೋಡಿದರೆ ಅವಳಿಗೆ ತನ್ನ ಕೈ ಗೊತ್ತಾಗುತ್ತಿತ್ತು. ಆದರೆ ಕೂರುತ್ತಿದ್ದುದು ಅವರು. ಬೆಳಗಿನ ಪೇಪರು, ಮಧ್ಯಾಹ್ನದ ತೂಕಡಿಕೆ, ಸಂಜೆಯ ಚಹಾ ಎಲ್ಲ ಅದರ ಮೇಲೇ. ಶನಿವಾರ ಬೆಳಿಗ್ಗೆ ಗಾದಿಯಮ್ಮ ಅದನ್ನು ದರದರ ಎಳೆದು ಬೀರುವಿನ ಎದುರಿಗೆ ತಿರುಗಿಸಿದಳು. ಬೆನ್ನಿನಿಂದ ಬೀರುವಿಗೆ ಮೂವತ್ತೊಂದು ಇಂಚು, ಕೂರುವ ಅಗಲ ಹದಿನೇಳು ಇಂಚು. ಸೂಜಿಯನ್ನು ಕೇಳಿ ಬರೆದುಕೊಂಡ, ವಿಮಾನದ ಸೀಟಿನ ಅಳತೆ. ಎರಡು ಕಡೆ ಹಲಗೆ ಕಟ್ಟಿ ಕೈ ಇಡುವ ಜಾಗವನ್ನೂ ಮಾಡಿದಳು.

"ನಾನೆಲ್ಲಿ ಕೂರಲಿ?" ಎಂದರು ಟೈಂಕೀಪರು.

"ಐದು ಗಂಟೆ ನಿಂತ್ಕೊಳ್ಳಿ. ನಾನು ನಿಂತಿಲ್ವಾ?"

ಬಿಗಿ ಕಾಲುಚೀಲ ಹಾಕಿ, ನೀರಿನ ಬಾಟಲಿ ಪಕ್ಕದಲ್ಲಿಟ್ಟು, ಒಂಬತ್ತು ಹತ್ತಕ್ಕೆ ಸರಿಯಾಗಿ ಕೂತಳು. ಮೊಮ್ಮಗಳು ಗಡಿಯಾರ ನೋಡುವವಳು. ಗಂಟೆಗೊಮ್ಮೆ ಎದ್ದು ಬಚ್ಚಲಿನವರೆಗೆ ಹದಿನಾಲ್ಕು ಹೆಜ್ಜೆ ಹೋಗಿ ಬರಬಹುದು, ಅಡುಗೆಮನೆಗೆ ಹೋಗುವಂತಿಲ್ಲ. ಅಡುಗೆಮನೆ ವಿಮಾನದಲ್ಲಿ ಇರುವುದಿಲ್ಲ ಎಂದು ಮೊಮ್ಮಗಳೇ ಕಾನೂನು ಮಾಡಿದ್ದಳು.

ಮೊದಲ ದಿನ ಒಂದು ಗಂಟೆ ಹತ್ತು ನಿಮಿಷಕ್ಕೇ ಎಲ್ಲ ಕೆಟ್ಟಿತು. ಒಳಗಿಂದ ಟೈಂಕೀಪರು ಸಕ್ಕರೆ ಎಲ್ಲಿ ಎಂದು ಕೇಳಿದರು. ಮೇಲಿನ ಕಪಾಟಿನಲ್ಲಿ ಎಂದಳು. ಕಾಣುತ್ತಿಲ್ಲ ಎಂದರು. ಹಿಂದಿನ ಡಬ್ಬಿ ಎಂದಳು. ಅದರಲ್ಲಿ ಉಪ್ಪಿದೆ ಎಂದರು. ಅವಳ ತಲೆಗೆ ಗೊತ್ತಾಗುವ ಮೊದಲೇ ಕಾಲು ಎದ್ದು, ಅಡುಗೆಮನೆಗೆ ನಡೆದು, ಸಕ್ಕರೆ ಡಬ್ಬಿ ತೆಗೆದು ಅವರ ಕೈಯಲ್ಲಿಟ್ಟಿತ್ತು.

"ಅಜ್ಜಿ, ನೀನು ಸಮುದ್ರಕ್ಕೆ ಬಿದ್ದೆ," ಎಂದಳು ಮೊಮ್ಮಗಳು ಹಜಾರದಿಂದ.

ಆ ಹೊತ್ತಿಗೆ ಗಾದಿಯಮ್ಮನಿಗೆ ಬಂದ ಸಿಟ್ಟು ಗಂಡನ ಮೇಲಲ್ಲ. ಯಾರೂ ಎಳೆದುಕೊಂಡು ಹೋಗಿರಲಿಲ್ಲ, ಗದರಿಸಿರಲಿಲ್ಲ. ತನ್ನ ಕಾಲೇ ತನ್ನ ಮಾತು ಕೇಳಲಿಲ್ಲವಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಭಾನುವಾರ ಮತ್ತೆ ಕೂತಳು. ಈ ಸಲ ಕೂರುವ ಮೊದಲು ಒಂದು ಹಳೆಯ ಬೆಲ್ಟನ್ನು ಸೀಟಿಗೆ ಹೊಲಿದು ಸೊಂಟಕ್ಕೆ ಕಟ್ಟಿಕೊಂಡಳು. ಕುಕ್ಕರು ಕೂಗಿತು. ಕೂಗಲಿ ಎಂದು ಬೀರುವನ್ನೇ ನೋಡುತ್ತಾ ಕೂತಳು. ಏಳು ಕೂಗಾದ ಮೇಲೆ ಮಗ ಓಡಿ ಬಂದು ಆರಿಸಿದ. ಬೇಳೆ ತಳ ಹಿಡಿದಿತ್ತು.

"ಕೇಳಿಸ್ತಿರಲಿಲ್ವಾ ನಿಂಗೆ?" ಎಂದ.

"ನಾನು ಮೋಡದ ಮೇಲಿದೀನಪ್ಪ. ಅಲ್ಲಿಗೆ ಕುಕ್ಕರು ಕೇಳಿಸಲ್ಲ."

ಎರಡು ವಾರ ಹೀಗೆ ನಡೆಯಿತು. ವಾರದ ದಿನಗಳಲ್ಲಿ ಎಂದಿನಂತೆ ಅಡುಗೆ, ಬಟ್ಟೆ, ಗೂಡಿನಲ್ಲಿ ಹೊಲಿಗೆ. ಶನಿವಾರ ಭಾನುವಾರ ಬಂದರೆ ವಿಮಾನ. ಅಕ್ಕಪಕ್ಕದವರು ಬಂದು ನೋಡಿ ಹೋದರು. ಒಬ್ಬಾಕೆ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು. ನಗುವವರು ನಿಂತುಕೊಂಡು ನಗಬೇಕಾಗುತ್ತದೆ, ಇದ್ದ ಒಂದೇ ಒಳ್ಳೆಯ ಸೀಟು ನನ್ನದು ಎಂದಳು ಗಾದಿಯಮ್ಮ. ಸೊಸೆ ಆ ಎರಡು ದಿನ ಮಾತು ಕಡಿಮೆ ಮಾಡಿ ಪಾತ್ರೆಗಳನ್ನು ಜೋರಾಗಿ ಇಡತೊಡಗಿದಳು. ಮಗ ಮೊಟ್ಟೆ ಬೇಯಿಸಲು ಕಲಿತ. ಬ್ರೆಡ್ಡು ಮೊಟ್ಟೆ ಬಿಟ್ಟರೆ ಬೇರೆ ಊಟವೇ ಇಲ್ಲ ಎನ್ನುವ ಹಾಗೆ ಎರಡು ಹೊತ್ತೂ ಅದನ್ನೇ ಮಾಡಿದ. ಹನ್ನೆರಡೂವರೆಗೆ ಗಡಿಯಾರ ನೋಡಿ ಊಟಕ್ಕೆ ಕೂರುವ ಟೈಂಕೀಪರು ಮೂರು ಗಂಟೆಗೆ ಮೊಟ್ಟೆ ಸುಲಿಯುತ್ತಾ, ಈ ಮನೆಯಲ್ಲಿ ಯಾವ ಸರ್ವೀಸೂ ಹೊತ್ತಿಗೆ ಸರಿಯಾಗಿ ಬರುತ್ತಿಲ್ಲ ಎಂದು ಗೊಣಗಿದರು.

ಎರಡನೇ ವಾರದ ಭಾನುವಾರ ಎರಡು ಇಪ್ಪತ್ತಕ್ಕೆ ಗಾದಿಯಮ್ಮ ಬೆಲ್ಟು ಬಿಚ್ಚಿ ಎದ್ದಳು. ಐದು ಗಂಟೆ ಹತ್ತು ನಿಮಿಷ. ಕಾಲು ಸರಿಯಾಗಿತ್ತು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ಗಾದಿಯಮ್ಮ ಅಂದೇ ಸೂಜಿಗೆ ಹೂಂ ಎಂದು ಹೇಳಿಬಿಡುವವಳಿದ್ದಳು.

ಅಷ್ಟರಲ್ಲಿ ಟೈಂಕೀಪರು, ಬರುವ ವಿಮಾನದ ವೇಳೆಯನ್ನೂ ಓದು ಎಂದು ಮೊಮ್ಮಗಳಿಗೆ ಹೇಳಿದರು. ಹೋಗುವ ಗಾಡಿಯ ಜೊತೆ ಬರುವ ಗಾಡಿಯನ್ನೂ ಬರೆದುಕೊಳ್ಳುವುದು ಅವರ ಪದ್ಧತಿ. ಸಂಜೆ ನಾಲ್ಕೂವರೆಗೆ ಹೊರಡುವುದು, ಬೆಳಗಿನ ಜಾವ ಮೂರೂವರೆಗೆ ಇಳಿಯುವುದು. ಟೈಂಕೀಪರು ಕಳೆದರು. ಹುಬ್ಬು ಗಂಟಿಕ್ಕಿತು. ಮತ್ತೆ ಕಳೆದರು.

"ಹನ್ನೊಂದು ಗಂಟೆ. ಹೋಗೋದು ಐದೂ ಹತ್ತು, ಬರೋದು ಹನ್ನೊಂದಾ? ದಾರಿ ಒಂದೇ ತಾನೆ? ಎಲ್ಲಿ ನಿಲ್ಲಿಸ್ತಾನೆ ಅವನು?"

ಮೊಮ್ಮಗಳು ಮತ್ತೆ ಫೋನ್ ಒತ್ತಿ ನೋಡಿದಳು. ಆಮೇಲೆ ತಾತನ ಮುಖ ನೋಡದೆ ಹೇಳಿದಳು. ಅಲ್ಲಿಯ ಗಡಿಯಾರ ಇಲ್ಲಿಗಿಂತ ಮೂರೂವರೆ ಗಂಟೆ ಹಿಂದೆ. ಟಿಕೆಟ್ಟಿನಲ್ಲಿ ಹೊರಡುವ ವೇಳೆ ಇಲ್ಲಿಯದು, ಇಳಿಯುವ ವೇಳೆ ಅಲ್ಲಿಯದು. ಬರುವುದಕ್ಕೆ ಏಳೂವರೆ ಗಂಟೆ. ಹೋಗುವುದಕ್ಕೆ, ಎದುರುಗಾಳಿ ಇರುವುದರಿಂದ, ಎಂಟು ಗಂಟೆ ನಲವತ್ತು ನಿಮಿಷ.

ಒಂದು ಬಸ್ಸೂ ಹೊರಟ ಊರಿನ ಗಡಿಯಾರ ಬಿಟ್ಟು ಬೇರೆ ಗಡಿಯಾರಕ್ಕೆ ಹೋಗಿ ಸೇರಿರಲಿಲ್ಲ, ಟೈಂಕೀಪರ ಮೂವತ್ತನಾಲ್ಕು ವರ್ಷದಲ್ಲಿ. ಅವರು ಎದ್ದು ಹಿತ್ತಲಿಗೆ ಹೋಗಿ ಒಗೆದ ಬಟ್ಟೆಗಳ ನಡುವೆ ನಿಂತರು.

ಮಗ ಚೀಟಿ ತೆಗೆದು ತಾಯಿಯ ಎದುರು ಹಿಡಿದ. ಆರು ಗಂಟೆಯೊಳಗೆ ಎಂದು ಬರೆದಿದ್ದ ಕಡೆ ಬೆರಳಿಟ್ಟ. ಅವನ ದನಿಯಲ್ಲಿ ಸಮಾಧಾನ ಇತ್ತು, ಅದೇ ಅವಳಿಗೆ ಹೆಚ್ಚು ಚುಚ್ಚಿತು. "ಬಿಡಮ್ಮಾ. ಪ್ರಯತ್ನ ಪಟ್ಟೆ. ಇನ್ನು ಸಾಕು."

ಚೀಟಿಯನ್ನು ಹಾಗೇ ಕೊಟ್ಟು ವಿಮಾನ ಹತ್ತಿದರೆ ಯಾರು ಕೇಳುತ್ತಾರೆ ಎಂದು ಗಾದಿಯಮ್ಮನಿಗೆ ಅನ್ನಿಸದೆ ಇರಲಿಲ್ಲ. ಆದರೆ ತುಂಡಾದ ಸ್ಪ್ರಿಂಗಿನ ಮೇಲೆ ಬಟ್ಟೆ ಮುಚ್ಚಿ ಹೊಲಿದು ಕಳಿಸಿದವಳಲ್ಲ ಅವಳು. ಸೋಮವಾರ ಮತ್ತೆ ಡಾಕ್ಟರ ಎದುರು ಕೂತು, ನಮ್ಮ ಮನೆಯವರ ಲೆಕ್ಕ ತಪ್ಪಿತು, ಮೂರೂವರೆ ಗಂಟೆ ಜಾಸ್ತಿ ಎಂದಳು, ಹಜಾರದಲ್ಲಿ ಕೂತದ್ದನ್ನೂ ಹೇಳಿದಳು. ಡಾಕ್ಟರು ಚೀಟಿಯನ್ನು ವಾಪಸ್ಸು ತೆಗೆದುಕೊಂಡರು. ಅವಳ ಮುಖ ಇಳಿದದ್ದನ್ನು ನೋಡಿ ಪೆನ್ನು ಕೆಳಗಿಟ್ಟರು.

"ಹಜಾರದಲ್ಲಿ ಕೂತಿದ್ರಂತೆ? ಸರಿ. ಎಂಟು ನಲವತ್ತೂ ಕೂತು ತೋರಿಸಿ. ಕೂರೋ ಮುಂಚೆ, ಎದ್ದ ಮೇಲೆ, ಪಾದದ ಗಂಟಿನ ಸುತ್ತಳತೆ ತಗೊಳ್ಳಿ. ಊತ ಅರ್ಧ ಇಂಚು ದಾಟಬಾರದು. ಮಾರನೇ ದಿನ ಬನ್ನಿ, ಕಾಲು ನಾನೇ ನೋಡ್ತೀನಿ. ಅಳತೇಲಿ ಮೋಸ ಮಾಡಿದ್ರೆ ಅನುಭವಿಸೋದು ನಾನಲ್ಲ."

"ಅಳತೆ ನನಗೆ ಹೇಳಿಕೊಡಬೇಡಿ," ಎಂದಳು ಗಾದಿಯಮ್ಮ.

ಆಮೇಲಿನ ಎರಡು ಭಾನುವಾರ ಅವಳು ಸೋತಳು. ಒಂದು ಸಲ ಏಳು ಗಂಟೆಗೆ ಬೆನ್ನು ಹಿಡಿದುಕೊಂಡಿತು. ಆ ವಾರ ಪೂರ್ತಿ ಗೂಡಿನಲ್ಲಿ ಕೂತು ಬಸ್ ಸೀಟಿನ ಹೊಟ್ಟೆ ಬಿಚ್ಚಿ, ಸಡಿಲವಾಗಿದ್ದ ದಾರಗಳನ್ನು ಕತ್ತರಿಸಿ, ಸ್ಪ್ರಿಂಗುಗಳನ್ನು ಎಂಟು ದಿಕ್ಕಿಗೂ ಮತ್ತೆ ಕಟ್ಟಿದಳು. ಇನ್ನೊಂದು ಸಲ ಕಾಲು ಮುಕ್ಕಾಲು ಇಂಚು ಊದಿತು; ನೀರು ಸಾಲದೆ ಹೋಗಿತ್ತು. ಸೂಜಿಗೆ ಉತ್ತರ ಹೇಳಲು ಉಳಿದದ್ದು ಎಂಟೇ ದಿನ. ಭಾನುವಾರ ಒಂದೇ.

ಆ ಭಾನುವಾರ ಬೆಳಿಗ್ಗೆ ಅವಳು ಕೂರಲು ಬಂದಾಗ ಸೀಟಿನ ಪಕ್ಕದಲ್ಲಿ ಒಂದು ಸ್ಟೂಲು. ಸ್ಟೂಲಿನ ಮೇಲೆ ಟೈಂಕೀಪರು. ಮೂರು ವಾರ ಗಂಟುಮುಖ ಹಾಕಿಕೊಂಡಿದ್ದವರು ಹಲಗೆಗೆ ಕಾಗದ ಸಿಕ್ಕಿಸಿ, ಗೆರೆ ಎಳೆದು, ಬಸ್ಸುಗಳ ವೇಳೆ ಬರೆಯುತ್ತಿದ್ದ ಹಳೆಯ ಟ್ರಿಪ್ ಶೀಟಿನ ಹಾಗೇ ಮನೆಗಳನ್ನು ಮಾಡಿಕೊಂಡಿದ್ದರು. ತಮ್ಮ ಕೈಗಡಿಯಾರವನ್ನು ಅವರು ಮೂರೂವರೆ ಗಂಟೆ ಹಿಂದಕ್ಕೆ ತಿರುಗಿಸಿದ್ದನ್ನು ಅವಳು ನೋಡಿದಳು. ಮೊಮ್ಮಗಳು ಟೇಪು ಹಿಡಿದಳು. ಎಡಗಾಲು ಒಂಬತ್ತು ಇಂಚು. ಟೈಂಕೀಪರು ಬರೆದುಕೊಂಡರು. ಒಂಬತ್ತು ಹತ್ತಕ್ಕೆ ಬೆಲ್ಟು ಬಿಗಿಯಿತು.

ಹತ್ತಕ್ಕೆ ಹಾಲಿನವನು ಬಂದ. ಹನ್ನೊಂದಕ್ಕೆ ನೀರಿನ ಮೋಟಾರು ಕೆಟ್ಟಿತು. ಹನ್ನೆರಡಕ್ಕೆ ಮಗ ಬೆರಳು ಕೊಯ್ದುಕೊಂಡು ಬಟ್ಟೆ ಎಲ್ಲಿ ಎಂದು ಕೂಗಿದ. ಗಾದಿಯಮ್ಮನ ಎರಡೂ ಪಾದ ನೆಲ ಒತ್ತಿದವು, ಬೆಲ್ಟು ಹೊಟ್ಟೆಗೆ ಕೊರೆಯಿತು. ಅವಳು ಹಲಗೆ ಹಿಡಿದು ಕೂತೇ ಇದ್ದಳು. ಸೊಸೆ ಬಟ್ಟೆ ಹುಡುಕಿ ಕಟ್ಟಿದಳು. ಬೆರಳು ಉಳಿಯಿತು, ಮನೆಯೂ ಉಳಿಯಿತು. ಹನ್ನೆರಡೂವರೆಗೆ ಟೈಂಕೀಪರು ಎದ್ದು ಒಳಗೆ ಹೋಗಿ, ಮುಕ್ಕಾಲು ಗಂಟೆಯ ಮೇಲೆ ಒಂದು ತಟ್ಟೆ ತಂದು ಅವಳ ತೊಡೆಯ ಮೇಲಿಟ್ಟರು. ಮುದ್ದೆಯಾದ ಅನ್ನ, ಅರೆಬೆಂದ ಆಲೂಗಡ್ಡೆ. ವಿಮಾನದಲ್ಲಿ ಕೂತಲ್ಲಿಗೇ ತಂದು ಕೊಡುತ್ತಾರಂತಲ್ಲ ಎಂದರು, ಬೀರುವಿನ ಕಡೆ ನೋಡುತ್ತಾ. ಅವಳು ಎಲ್ಲವನ್ನೂ ತಿಂದಳು. ತನಗೆ ಯಾರೋ ತಂದುಕೊಟ್ಟ ಊಟವನ್ನು ಅವಳು ಆಸ್ಪತ್ರೆಯಲ್ಲಿ ಬಿಟ್ಟರೆ ಬೇರೆಲ್ಲೂ ತಿಂದಿರಲಿಲ್ಲ.

ಮೂರು ಗಂಟೆಯ ಹೊತ್ತಿಗೆ ಸೊಸೆ ಬಂದು ಬೀರುವಿಗೆ ಒರಗಿ ನಿಂತಳು. ಕಣ್ಣು ಕೆಂಪಾಗಿತ್ತು.

"ಅತ್ತೆ, ಕಾಲಿನ ಮಾತು ಬಿಡಿ. ನಿಜ ಹೇಳ್ತೀನಿ. ಎರಡು ತಿಂಗಳಿಗೆ ನನಗೆ ಸೀನಿಯರ್ ಆಗೋ ಪರೀಕ್ಷೆ ಇದೆ. ವಾರಕ್ಕೆ ಮೂರು ದಿನ ಸಂಜೆ ಪಾಳಿ. ಮಗು ಸ್ಕೂಲಿಂದ ನಾಲ್ಕಕ್ಕೆ ಬರತ್ತೆ. ನೀವಿಲ್ದೆ ನಾನು ಹೇಗೆ ಓದಲಿ? ನೀವು ಹೋದ್ರೆ ನನ್ನದು ನಿಂತುಹೋಗತ್ತೆ."

ಐದು ವಾರದಲ್ಲಿ ಆ ಮನೆಯಲ್ಲಿ ಯಾರೋ ಒಬ್ಬರು ನಿಜ ಹೇಳಿದ್ದು ಅದೇ ಮೊದಲು. ಈ ಹುಡುಗಿ ಪುಸ್ತಕ ಎದುರಿಗಿಟ್ಟುಕೊಂಡೇ ತರಕಾರಿ ಹೆಚ್ಚುವುದನ್ನು ಗಾದಿಯಮ್ಮ ನೋಡಿದ್ದಳು. ಹೋಗಲಿ ಬಿಡು, ಇರುತ್ತೇನೆ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದೂ ಸಕ್ಕರೆ ಡಬ್ಬಿಯ ಹಾಗೇ, ಕೇಳಿದೊಡನೆ ತಾನಾಗಿ ಕೈಗೆ ಬರುವ ಮಾತು. ಅವಳು ಅದನ್ನು ನುಂಗಿಕೊಂಡಳು.

"ನಿನ್ನದು ನಿಲ್ಲಬಾರದು," ಎಂದಳು. "ಆದ್ರೆ ಅದನ್ನ ನನ್ನ ಕೇಳಬೇಡ. ನಿನ್ನ ಗಂಡನ್ನ ಕೇಳು. ಅವನಿಗೂ ಎರಡು ಕೈ ಇವೆ. ಹೆತ್ತವಳು ನಾನು, ಎಣಿಸಿ ನೋಡಿದೀನಿ."

ಬೆರಳಿಗೆ ಬಟ್ಟೆ ಸುತ್ತಿಕೊಂಡು ಬಾಗಿಲಲ್ಲಿ ನಿಂತಿದ್ದ ಮಗ ಕೇಳಿಸಿಕೊಂಡ. ಸೊಸೆ ತಿರುಗಿ ಅವನನ್ನೇ ನೋಡಿದಳು, ಅತ್ತೆಯನ್ನಲ್ಲ. ಬಹಳ ಹೊತ್ತು ನೋಡಿದಳು. ತನ್ನ ಕೆಲಸ ಐದಕ್ಕೆ ಮುಗಿಯುತ್ತದೆ, ನಾಲ್ಕಕ್ಕೆ ಹೇಗೆ ಬರಲಿ ಎಂದು ಅವನು ಏನೋ ಹೇಳಲು ಹೋದ. ಬೆಳಗಿನ ಪಾಳಿ ಕೇಳಿಕೊಳ್ಳಬಹುದು, ನಿಮ್ಮಲ್ಲಿ ಇಬ್ಬರು ಹಾಗೆ ಮಾಡಿಕೊಂಡಿದ್ದಾರೆ, ನೀವೇ ಹೇಳಿದ್ದಿರಿ ಎಂದಳು ಸೊಸೆ. ಜಗಳ ಹಜಾರದಿಂದ ಅಡುಗೆಮನೆಗೆ ಹೋಯಿತು. ಅಲ್ಲಿಂದ ಪಾತ್ರೆ ತೊಳೆಯುವ ಸದ್ದು ಬಂತು, ಮಾತಿನ ಸದ್ದೂ ಬಂತು. ಮೊದಲ ಸಲ ಆ ಜಗಳ ಸರಿಯಾದ ಇಬ್ಬರ ನಡುವೆ ನಡೆಯುತ್ತಿತ್ತು. ಗಾದಿಯಮ್ಮ ಎದ್ದು ಹದಿನಾಲ್ಕು ಹೆಜ್ಜೆ ನಡೆದು, ಅಡುಗೆಮನೆಯ ಬಾಗಿಲ ಕಡೆ ತಿರುಗದೆ, ವಾಪಸ್ಸು ಬಂದು ಕೂತಳು.

ಕೊನೆಯ ಒಂದು ಗಂಟೆ ಬೆನ್ನು ಬೆಂಕಿಯಾಯಿತು. ಸೊಂಟದ ಕೆಳಗೆ ಏನಿದೆ ಏನಿಲ್ಲ ತಿಳಿಯದಾಯಿತು. ಪಾದ ಮೇಲೆ ಕೆಳಗೆ ಆಡಿಸುತ್ತಾ, ಬೀರುವಿನ ಬಾಗಿಲಿನ ಗೀಚುಗಳನ್ನು ಎಣಿಸುತ್ತಾ, ನಾನೂರ ಇಪ್ಪತ್ತು ಕುರ್ಚಿಗಳನ್ನು ಒಂದೊಂದಾಗಿ ಮನಸ್ಸಿನಲ್ಲೇ ಕಟ್ಟಿದಳು. ಮೂವತ್ತೇಳನೆಯ ಕುರ್ಚಿಯಲ್ಲಿದ್ದಾಗ ಟೈಂಕೀಪರು ಎದ್ದು ನಿಂತರು. ಗೋಡೆ ಗಡಿಯಾರದಲ್ಲಿ ಐದು ಐವತ್ತು. ಅವರು ಕೈಗಡಿಯಾರ ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಮೈಕಿನ ಎದುರು ನಿಂತವರ ಹಾಗೆ ಇಡೀ ಮನೆಗೆ ಕೇಳುವಂತೆ ಹೇಳಿದರು.

"ಎರಡು ಗಂಟೆ ಇಪ್ಪತ್ತು ನಿಮಿಷ. ಸರಿಯಾದ ಸಮಯಕ್ಕೆ ಬಂದಿದೆ."

ಮೊಮ್ಮಗಳು ಕಾಲುಚೀಲ ಬಿಚ್ಚಿದಳು. ಟೇಪನ್ನು ಮಗನೇ ಹಿಡಿದ. ಬಿಗಿ ಹಿಡಿಯಬೇಡ, ಸಡಿಲವೂ ಬೇಡ, ಅಳತೆ ಅಂದರೆ ಅಳತೆ ಎಂದು ಗಾದಿಯಮ್ಮ ಗದರಿದಳು. ಒಂಬತ್ತೂಕಾಲು ಇಂಚು. ಅವನು ಎರಡು ಸಲ ಹಿಡಿದ. ಒಂಬತ್ತೂಕಾಲೇ.

ಸೋಮವಾರ ಬೆಳಿಗ್ಗೆ ಡಾಕ್ಟರು ಕಾಲು ಒತ್ತಿ ನೋಡಿ, ಟ್ರಿಪ್ ಶೀಟನ್ನು ಮೇಲಿಂದ ಕೆಳಗೆ ಓದಿ, ಇಂಥ ದಾಖಲೆ ನನ್ನ ಆಸ್ಪತ್ರೆಯಲ್ಲೇ ಇಲ್ಲ ಎಂದು ಹೇಳಿ ಹೊಸ ಚೀಟಿ ಬರೆದುಕೊಟ್ಟರು. ಬೀದಿ ದಾಟುವ ಮೊದಲೇ ಗಾದಿಯಮ್ಮ ಸೂಜಿಗೆ ಫೋನ್ ಮಾಡಿ ಹೂಂ ಎಂದಳು.

ಸಂಜೆ ಮೇಜಿನ ಮೇಲೆ ಅನ್ನ ಮುದ್ದೆಯಾಗಿರಲಿಲ್ಲ. ಬಡಿಸಿದ್ದು ಮಗ. ಇನ್ನು ಮೂರು ದಿನದಲ್ಲಿ ಬೆಳಗಿನ ಪಾಳಿಗೆ ಹೋಗುತ್ತಾನಂತೆ. ಹಾಗೆಂದು ಸೊಸೆ ಹೇಳಿದಳು, ಅವನಲ್ಲ. ಟೈಂಕೀಪರು ಊಟ ಮುಗಿಸಿ ಹಲಗೆ ತೆಗೆದರು. ಶೀಟಿನಲ್ಲಿ ಹೋಗುವ ಕಡೆಯ ಮನೆಗಳೆಲ್ಲ ತುಂಬಿದ್ದವು, ಬರುವ ಕಡೆಯವು ಖಾಲಿ. ಪೆನ್ನಿನ ಮುಚ್ಚಳ ತೆಗೆದು ಅವರು ಕಾದರು.

"ಬರೋ ಗಾಡಿ ಯಾವತ್ತು?" ಎಂದು ಕೇಳಿದರು.

ಗಾದಿಯಮ್ಮ ಗಂಡನ ಮುಖ ನೋಡಿದಳು. ನಾಲ್ಕು ತಿಂಗಳು ಎಂದು ಅವಳು ಮೊದಲ ದಿನವೇ ಹೇಳಿದ್ದಳು, ಅವರಿಗೂ ಅದು ಗೊತ್ತಿತ್ತು. ಪಾಪ ಅನ್ನಿಸಿತು. ಆದರೂ ತಾರೀಖು ಹೇಳಲಿಲ್ಲ.

"ಹೋಗೋದನ್ನಷ್ಟೇ ಕೂತು ಕಲ್ತಿದೀನಿ," ಎಂದಳು. "ಬರೋದನ್ನ ಅಲ್ಲಿ ಹೋಗಿ ಕಲೀತೀನಿ. ಅವಸರ ಏನಿಲ್ಲ. ಈಗ ಚಹಾ ಯಾರು ಮಾಡ್ತೀರಿ?"

ಮಗ ಸೊಸೆಯನ್ನು ನೋಡಿದ, ಸೊಸೆ ಮಗನನ್ನು ನೋಡಿದಳು. ಟೈಂಕೀಪರು ಪೆನ್ನಿಗೆ ಮುಚ್ಚಳ ಹಾಕಿ, ಎದ್ದು, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಯಾರನ್ನೂ ಕೇಳದೆ ಒಳಗೆ ಹೋದರು.